ಡಿಎನ್‌ಎಯ ‘ದ’ ಮತ್ತು ‘ಧ’: ವಜ್ರದಂಥ ಅಣುಗಳು ಏನನ್ನು ಓದಬಲ್ಲವು, ಓದಿದ್ದು ಯಾರ ಕೈ ಸೇರುತ್ತದೆ?

ನಮ್ಮಮ್ಮ ದಿನಕ್ಕೆ ಎರಡು ಸಲ ನುಂಗುವ ಶುಗರ್ ಮಾತ್ರೆಯ ಹೆಸರು ವಿಲ್ಡಾಗ್ಲಿಪ್ಟಿನ್. ಆ ಔಷಧದ ಅಣುವಿನ ಒಂದು ತುದಿಯಲ್ಲಿ ವಜ್ರದ ರಚನೆಯದ್ದೇ ಒಂದು ಪುಟ್ಟ ಪಂಜರ ಇದೆ ಅಂತ ಮೊನ್ನೆ ಹೇಳಿದೆ. ಅಮ್ಮ ಮಾತ್ರೆಯ ಶೀಟನ್ನು ಬೆಳಕಿಗೆ ಹಿಡಿದು ನೋಡಿ, “ಹಂಗಾದ್ರೆ ಗಿರವಿ ಇಡಬಹುದಾ?” ಅಂದ್ರು. ಇಡಕ್ಕಾಗಲ್ಲ. ಅದು ಹತ್ತೇ ಹತ್ತು ಇಂಗಾಲದ ಪರಮಾಣುಗಳ ಪಂಜರ. ಅಗಲ ಒಂದು ನ್ಯಾನೋಮೀಟರ್‌ಗಿಂತ ಕಡಿಮೆ. ಅಂದ್ರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ, ಅದರ ಒಂದು ಭಾಗಕ್ಕಿಂತಲೂ ಚಿಕ್ಕದು.

ಇದೇ ಪಂಜರವನ್ನು ಇಟ್ಟುಕೊಂಡು ಡಿಎನ್‌ಎಯ ಒಂದೊಂದು ಅಕ್ಷರವನ್ನೂ ಗುರುತಿಸಬಹುದು ಎಂದು ಜರ್ಮನಿ ಮತ್ತು ಸ್ವೀಡನ್‌ನ ಕೆಲವು ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ನಾನು ವಿಜ್ಞಾನಿಯಲ್ಲ. ಪೊಲೀಸರು ಯಾರ ಬಗ್ಗೆ ಏನೇನು ದಾಖಲಿಸಿಕೊಳ್ಳಬಹುದು ಅನ್ನೋ ಕಾನೂನುಗಳ ಬಗ್ಗೆ ಓದುವವನು, ಬರೆಯುವವನು. ಆ ಓದಿನ ದಾರಿಯಲ್ಲೇ ಈ ಅಣು ಎದುರಾಯ್ತು. ಡಿಎನ್‌ಎ ಓದುವುದು ಅಂದ್ರೆ ನಾಲ್ಕು ಅಕ್ಷರ ಓದುವುದು ಅಂತಷ್ಟೇ ನಾನು ತಿಳ್ಕೊಂಡಿದ್ದೆ. ಅದು ಅಷ್ಟೇ ಅಲ್ಲ ಅನ್ನೋದು ಗೊತ್ತಾದ ಮೇಲೆ ಕಾನೂನಿನ ಒಂದು ಪದ ನನಗೆ ಬೇರೆ ಥರ ಕಾಣಿಸತೊಡಗಿತು. ಅಲ್ಲಿಗೆ ಹೋಗುವ ಮುಂಚೆ ಅಣುವಿನ ಕತೆ ಕೇಳಿ.

ಕಚ್ಚಾತೈಲದಲ್ಲಿ ಸಿಕ್ಕ ಪಂಜರ

1933ರಲ್ಲಿ ಅಂದಿನ ಜೆಕೊಸ್ಲೊವಾಕಿಯಾದ ಹೊಡೊನಿನ್ ಎಂಬಲ್ಲಿನ ಕಚ್ಚಾತೈಲವನ್ನು ಪರೀಕ್ಷಿಸುತ್ತಿದ್ದ ಸ್ಟಾನಿಸ್ಲಾವ್ ಲಾಂಡಾ ಎಂಬ ರಸಾಯನಶಾಸ್ತ್ರಜ್ಞರಿಗೆ ಒಂದು ವಿಚಿತ್ರ ಹರಳು ಸಿಕ್ಕಿತು. ಹತ್ತು ಇಂಗಾಲ, ಅದರ ಸುತ್ತ ಹದಿನಾರು ಜಲಜನಕ. ವಜ್ರದೊಳಗೆ ಇಂಗಾಲಗಳು ಹೇಗೆ ಒಂದಕ್ಕೊಂದು ಕೈಹಿಡಿದು ನಿಂತಿರುತ್ತವೋ, ಅದರ ಅತಿ ಚಿಕ್ಕ ಮಾದರಿ ಇದು. ವಜ್ರವನ್ನು ಕೊರೆದು ಕೊರೆದು ಕೊನೆಗೆ ಇನ್ನು ಕೊರೆಯಲಾಗದ ಒಂದು ಕೋಣೆ ಉಳಿಸಿಕೊಂಡು, ಅದರ ಹೊರಗೋಡೆಗೆಲ್ಲ ಜಲಜನಕ ಅಂಟಿಸಿದ ಹಾಗೆ. ವಜ್ರಕ್ಕೆ ಗ್ರೀಕರು ಇಟ್ಟಿದ್ದ ಹೆಸರಿನಿಂದಲೇ ಇದಕ್ಕೆ ಅಡಮಾಂಟೇನ್ ಅಂತ ಹೆಸರಾಯ್ತು. ಇದು ಹೊಳೆಯಲ್ಲ. ಇದಕ್ಕೆ ಕರ್ಪೂರದಂಥ ವಾಸನೆ ಇದೆ, ಕರ್ಪೂರದ ಹಾಗೇ ಕರಗದೆ ನೇರ ಆವಿಯಾಗುತ್ತೆ.

ಇಂಥ ಕೋಣೆಗಳು ಒಂದಕ್ಕೊಂದು ಅಂಟಿಕೊಂಡು ಎರಡು, ಮೂರು, ನಾಲ್ಕು ಕೋಣೆಯ ಮನೆಗಳೂ ಆಗುತ್ತವೆ: ಡಯಮಾಂಟೇನ್, ಟ್ರಯಮಾಂಟೇನ್, ಟೆಟ್ರಮಾಂಟೇನ್. ಇಡೀ ಕುಟುಂಬದ ಹೆಸರು ಡೈಮಂಡಾಯ್ಡ್. ತೈಲ ಮತ್ತು ಅನಿಲ ಕಂಪನಿಗಳಿಗೆ ಇವು ಬಹಳ ಕಾಲ ಬರೀ ತಲೆನೋವು, ಪೈಪಿನೊಳಗೆ ಗಟ್ಟಿಯಾಗಿ ಕೂತು ದಾರಿ ಕಟ್ಟುತ್ತಿದ್ದವು. 2003ರಲ್ಲಿ ಶೆವ್ರಾನ್ ಕಂಪನಿಯ ಜೆರೆಮಿ ಡಾಲ್ ಮತ್ತು ರಾಬರ್ಟ್ ಕಾರ್ಲ್‌ಸನ್ ತಂಡ ಪೆಟ್ರೋಲಿಯಂನಿಂದಲೇ ದೊಡ್ಡ ದೊಡ್ಡ ಡೈಮಂಡಾಯ್ಡ್‌ಗಳನ್ನು ಬೇರ್ಪಡಿಸಿ ತೋರಿಸಿದ ಮೇಲೆ ಭೌತವಿಜ್ಞಾನಿಗಳೂ ಇತ್ತ ತಿರುಗಿದರು.

ಔಷಧ ಕಂಪನಿಗಳು ಮಾತ್ರ ಅದಕ್ಕೂ ಎಷ್ಟೋ ಮುಂಚೆ ಬಂದಿದ್ದವು. ಈ ಪಂಜರಕ್ಕೆ ಸಾರಜನಕದ ಒಂದು ಕೊಂಡಿ (ಅಮೀನ್) ಸಿಕ್ಕಿಸಿದರೆ ಅಮಾಂಟಡಿನ್; 1966ರಲ್ಲಿ ಅಮೆರಿಕದಲ್ಲಿ ಫ್ಲೂಗೆ ಒಪ್ಪಿಗೆ ಪಡೆದ ಔಷಧ, ಆಮೇಲೆ ಪಾರ್ಕಿನ್‌ಸನ್ ಕಾಯಿಲೆಗೂ ಬಂತು. ಸ್ವಲ್ಪ ಬದಲಿಸಿದರೆ ಅಲ್ಝೈಮರ್‌ಗೆ ಕೊಡುವ ಮೆಮಾಂಟಿನ್. ಇನ್ನೊಂದು ಥರ ಬದಲಿಸಿದರೆ ಅಮ್ಮನ ಮಾತ್ರೆ. ವಿಲ್ಡಾಗ್ಲಿಪ್ಟಿನ್ ಪೇಟೆಂಟ್ 2019ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಮುಗಿದ ಕೂಡಲೇ ಹತ್ತಾರು ಕಂಪನಿಗಳು ಅದನ್ನು ಮಾರತೊಡಗಿ ಬೆಲೆ ಇಳಿಯಿತು. ವಿಜ್ಞಾನದ ಯಾವುದೇ ಸುದ್ದಿ ಓದುವಾಗ “ಇದರ ಪೇಟೆಂಟ್ ಯಾರ ಹತ್ರ ಇದೆ” ಅಂತ ಕೇಳುವ ಚಾಳಿ ನನಗೆ ಹತ್ತಿದ್ದು ಆ ಮಾತ್ರೆಯ ಬಿಲ್ ನೋಡಿಯೇ.

ಓದುವುದು ಅಂದ್ರೆ ಏನು

ಡಿಎನ್‌ಎ ಒಂದು ಉದ್ದದ ಸರ. ಅದರ ಒಂದೊಂದು ಮಣಿಗೂ ನ್ಯೂಕ್ಲಿಯೊಟೈಡ್ ಅಂತಾರೆ. ಮಣಿಗಳಲ್ಲಿ ನಾಲ್ಕು ಬಗೆ: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್. ನಮ್ಮ ಒಂದು ಪ್ರತಿ ಜೀನೋಮ್‌ನಲ್ಲಿ ಇಂಥ ಸುಮಾರು 300 ಕೋಟಿ ಅಕ್ಷರಗಳಿವೆ. 1990ರಲ್ಲಿ ಶುರುವಾಗಿ 2003ರಲ್ಲಿ ಮುಗಿದ ಮಾನವ ಜೀನೋಮ್ ಯೋಜನೆ ಇದನ್ನು ಓದಲು 13 ವರ್ಷ ತೆಗೆದುಕೊಂಡಿತು, ಖರ್ಚು ಸುಮಾರು 270 ಕೋಟಿ ಡಾಲರ್. ಈಗ ಒಬ್ಬರ ಜೀನೋಮ್ ಕೆಲವು ನೂರು ಡಾಲರ್‌ಗೆ ಓದಬಹುದು.

ಒಂದು ಅಕ್ಷರ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಕುಡಗೋಲು ಕಣ ರಕ್ತಹೀನತೆ, ಅಂದ್ರೆ ಸಿಕಲ್ ಸೆಲ್ ಕಾಯಿಲೆ, ಸಾಕು. ಹಿಮೋಗ್ಲೋಬಿನ್ ಕಟ್ಟುವ ಒಂದು ಜೀನ್‌ನಲ್ಲಿ ಒಂದೇ ಒಂದು ಕಡೆ ಅಡೆನಿನ್ ಇರಬೇಕಾದ ಜಾಗದಲ್ಲಿ ಥೈಮಿನ್ ಕೂತಿರುತ್ತದೆ, ಅಷ್ಟೇ. ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುತ್ತದೆ. ದೇಶದ ಆದಿವಾಸಿ ಸಮುದಾಯಗಳಲ್ಲಿ ಈ ಕಾಯಿಲೆ ಹೆಚ್ಚು. (ಇದನ್ನು ಪತ್ತೆಹಚ್ಚಲು ವಜ್ರವೂ ಬೇಡ, ಜೀನೋಮ್ ಓದುವ ಯಂತ್ರವೂ ಬೇಡ, ಅಗ್ಗದ ರಕ್ತಪರೀಕ್ಷೆಗಳು ದಶಕಗಳಿಂದ ಇವೆ. ಪರೀಕ್ಷೆ ಹಾಡಿಯವರೆಗೆ ಹೋಗಬೇಕು, ಅದಾದ ಮೇಲೆ ಔಷಧವೂ ಹೋಗಬೇಕು. ಆ ಕೆಲಸಕ್ಕೆ ಯಾವ ಕ್ವಾಂಟಂ ಲೆಕ್ಕವೂ ನೆರವಾಗಲ್ಲ.)

ಆದರೆ ಅಕ್ಷರ ಸರಿಯಿದ್ದರೂ ಅದರ ಮೇಲೆ ಗುರುತು ಬಿದ್ದಿರಬಹುದು. ಸೈಟೋಸಿನ್‌ಗೆ ಕೆಲವೊಮ್ಮೆ ಒಂದು ಇಂಗಾಲ, ಮೂರು ಜಲಜನಕಗಳ ಪುಟ್ಟ ಗುಂಪು ಅಂಟಿಕೊಳ್ಳುತ್ತದೆ. ಇದಕ್ಕೆ ಮಿಥೈಲ್ ಗುಂಪು ಅಂತಾರೆ. ಕನ್ನಡದಲ್ಲಿ ‘ದ’ಕ್ಕೆ ಕೆಳಗೊಂದು ಗೀಟು ಬಿದ್ದರೆ ‘ಧ’ ಆಗುತ್ತದಲ್ಲ, ಹಾಗೆ. ಗೀಟು ಇಲ್ಲದಿದ್ದರೆ ದನ, ಇದ್ದರೆ ಧನ. ಮಾತಲ್ಲಿ ನಾವು ಬಹಳ ಜನ ಎರಡನ್ನೂ ಒಂದೇ ಥರ ಹೇಳ್ತೀವಿ, ನಾನೂ ಅವರಲ್ಲಿ ಒಬ್ಬ. ಮಾಮೂಲಿ ಡಿಎನ್‌ಎ ಯಂತ್ರಗಳೂ ಹಾಗೇ. ಗೀಟಿದ್ದರೂ ಇಲ್ಲದಿದ್ದರೂ ಅವು ಓದುವುದು ಬರೀ ಸೈಟೋಸಿನ್ ಅಂತ. ಗೀಟು ಬೇಕೆಂದರೆ ಡಿಎನ್‌ಎಯನ್ನು ಮೊದಲು ಬೈಸಲ್ಫೈಟ್ ಎಂಬ ರಾಸಾಯನಿಕದಲ್ಲಿ ನೆನೆಸಬೇಕು. ಅದು ಗೀಟಿಲ್ಲದ ಸೈಟೋಸಿನ್‌ಗಳನ್ನೆಲ್ಲ ಬೇರೆ ಅಕ್ಷರವಾಗಿ ಬದಲಿಸುತ್ತದೆ, ಜೊತೆಗೆ ಡಿಎನ್‌ಎಯನ್ನು ತುಂಡು ತುಂಡು ಮಾಡುತ್ತದೆ.

ಈ ಗೀಟುಗಳು ಸಣ್ಣ ವಿಷಯ ಅಲ್ಲ. ನಿಮ್ಮ ಚರ್ಮದ ಕೋಶಕ್ಕೂ ಯಕೃತ್ತಿನ ಕೋಶಕ್ಕೂ ಅಕ್ಷರಗಳು ಒಂದೇ; ಯಾವ ಜೀನ್ ಬಾಯಿ ಬಿಡಬೇಕು, ಯಾವುದು ಮುಚ್ಚಿಕೊಂಡಿರಬೇಕು ಅನ್ನೋದನ್ನು ನಿರ್ಧರಿಸುವುದರಲ್ಲಿ ಈ ಗೀಟುಗಳ ಪಾಲು ದೊಡ್ಡದು. ಒಂದೇ ಥರದ ಅವಳಿಗಳಲ್ಲಿ ಅಕ್ಷರಗಳು ಒಂದೇ ಇದ್ದರೂ ವಯಸ್ಸಾದಂತೆ ಗೀಟುಗಳು ಬೇರೆ ಬೇರೆಯಾಗುತ್ತಾ ಹೋಗುತ್ತವೆ. ಅಂದ್ರೆ ಅಕ್ಷರಗಳು ಅಪ್ಪ ಅಮ್ಮನಿಂದ ಬಂದ ಪತ್ರ. ಗೀಟುಗಳಲ್ಲಿ ನಾವು ಬದುಕಿದ ಬದುಕಿನ ಗುರುತೂ ಸೇರಿಕೊಂಡಿರುತ್ತದೆ.

ಚಿನ್ನದ ಬಿರುಕು, ವಜ್ರದ ಕೈ

ಈಗ ಯಂತ್ರಕ್ಕೆ ಬರೋಣ. ಒಂದು ತಂತಿ ತುಂಡಾದರೆ ಕರೆಂಟ್ ಹರಿಯಲ್ಲ, ಅದು ನಮಗೆಲ್ಲ ಗೊತ್ತು. ಆದರೆ ಆ ಬಿರುಕು ಒಂದೆರಡು ನ್ಯಾನೋಮೀಟರ್ ಮಾತ್ರ ಇದ್ದರೆ ಎಲೆಕ್ಟ್ರಾನ್‌ಗಳು ಹೇಗೋ ದಾಟಿಬಿಡುತ್ತವೆ. ಗೋಡೆ ಹತ್ತದೆ, ಗೋಡೆಯೊಳಗಿಂದಲೇ ತೂರಿಕೊಂಡು ಹೋದ ಹಾಗೆ. ಇದಕ್ಕೆ ಕ್ವಾಂಟಂ ಸುರಂಗ ಅಂತಾರೆ. ಆ ಬಿರುಕಿನಲ್ಲಿ ಒಂದು ಡಿಎನ್‌ಎ ಅಕ್ಷರ ಬಂದು ನಿಂತರೆ ದಾಟುವ ಎಲೆಕ್ಟ್ರಾನ್‌ಗಳ ಪ್ರಮಾಣ ಬದಲಾಗುತ್ತದೆ. ನಾಲ್ಕು ಅಕ್ಷರಗಳೂ ನಾಲ್ಕು ಬೇರೆ ಅಳತೆಯ ಕರೆಂಟ್ ಬಿಟ್ಟರೆ ಓದಿದ ಹಾಗಾಯ್ತು. ಬಣ್ಣ ಬೇಡ, ರಾಸಾಯನಿಕ ಬೇಡ, ಕೋಟಿಗಟ್ಟಲೆ ನಕಲು ಮಾಡಿಕೊಳ್ಳುವುದೂ ಬೇಡ. 2010ರಲ್ಲಿ ಜಪಾನಿನ ಒಸಾಕಾ ಮತ್ತು ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡಗಳು ಬೇರೆ ಬೇರೆಯಾಗಿ ಇಂಥ ಪ್ರಯೋಗಗಳನ್ನು ಮಾಡಿ ತೋರಿಸಿದವು.

ಎಡವಟ್ಟು ಎಲ್ಲಿ ಅಂದ್ರೆ, ಈ ಕರೆಂಟ್ ದೂರಕ್ಕೆ ಬಹಳ ಸೂಕ್ಷ್ಮ. ಬಿರುಕು ಬರೀ 0.1 ನ್ಯಾನೋಮೀಟರ್ ಹೆಚ್ಚಾದರೂ ಕರೆಂಟ್ ಸುಮಾರು ಹತ್ತು ಪಟ್ಟು ಕುಸಿಯಬಹುದು. ಡಿಎನ್‌ಎ ಅಕ್ಷರವೋ ನೀರಿನಲ್ಲಿ ಸದಾ ತೊನೆದಾಡುತ್ತಿರುತ್ತದೆ, ಮಗ್ಗುಲು ಬದಲಿಸುತ್ತಿರುತ್ತದೆ. ಒಂದೇ ಅಡೆನಿನ್ ಒಂದು ಸಲ ಅಡ್ಡ ನಿಂತು ಒಂದು ಅಳತೆ ಕೊಟ್ಟರೆ ಇನ್ನೊಂದು ಸಲ ಓರೆಯಾಗಿ ನಿಂತು ಮತ್ತೊಂದು ಅಳತೆ ಕೊಡುತ್ತದೆ. ಓಡುವ ಬಸ್ಸಿನಿಂದ ಅಂಗಡಿ ಬೋರ್ಡು ಓದಿದ ಹಾಗೆ. ಅದಕ್ಕೇ ಅರಿಜೋನಾದವರು ಚಿನ್ನದ ತುದಿಗಳಿಗೆ ಒಂದು ಸಣ್ಣ ಸಾವಯವ ಅಣುವನ್ನು ಅಂಟಿಸಿದರು, ಅದು ಅಕ್ಷರವನ್ನು ಒಂದು ಕ್ಷಣ ಹಿಡಿದು ನಿಲ್ಲಿಸಲಿ ಅಂತ.

ಡೈಮಂಡಾಯ್ಡ್‌ನ ಪಾತ್ರವೂ ಅದೇ, ಹಿಡಿಯುವ ಕೈ. ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿದ್ದ ಮರಿಯಾ ಫೈಟಾ ಮತ್ತು ಗಣೇಶ್ ಶಿವರಾಮನ್ 2014ರಲ್ಲಿ ಮಾರ್ಪಡಿಸಿದ ಡೈಮಂಡಾಯ್ಡ್‌ಗಳು ಡಿಎನ್‌ಎ ಅಕ್ಷರಗಳಿಗೆ ಹೇಗೆ ಅಂಟಿಕೊಳ್ಳುತ್ತವೆ ಎಂದು ಲೆಕ್ಕ ಹಾಕಿದರು. 2016ರಲ್ಲಿ ಸ್ವೀಡನ್‌ನ ರಾಲ್ಫ್ ಶೈಷರ್ ಅವರೂ ಸೇರಿದ ತಂಡ ಒಂದು ಹೆಜ್ಜೆ ಮುಂದೆ ಹೋಗಿ, ಡೈಮಂಡಾಯ್ಡ್ ಅಂಟಿಸಿದ ಚಿನ್ನದ ಬಿರುಕಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂದು ಲೆಕ್ಕ ಮಾಡಿತು. ಪಂಜರದ ಒಂದು ಕಡೆ ಚಿನ್ನವನ್ನು ಕಚ್ಚಿಕೊಳ್ಳುತ್ತದೆ. ಗಂಧಕಕ್ಕೆ ಚಿನ್ನದ ಮೇಲೆ ಇರುವ ಮೋಹ ರಸಾಯನಶಾಸ್ತ್ರದಲ್ಲಿ ಪ್ರಸಿದ್ಧ, ಇಂಥ ಜೋಡಣೆಗೆ ಸಾಮಾನ್ಯವಾಗಿ ಅದನ್ನೇ ಬಳಸುತ್ತಾರೆ. ಇನ್ನೊಂದು ಕಡೆ ಚಾಚಿಕೊಂಡಿರುವ ಗುಂಪು ಎದುರು ಬಂದ ಅಕ್ಷರಕ್ಕೆ ಜಲಜನಕ ಬಂಧದ ಕೈ ಕೊಡುತ್ತದೆ. ಡಿಎನ್‌ಎಯ ಎರಡು ಎಳೆಗಳನ್ನು ಜೋಡಿಸಿ ಹಿಡಿದಿರುವುದೂ ಇದೇ ಬಗೆಯ ಬಂಧ. ಹಿಡಿಯುವಷ್ಟು ಗಟ್ಟಿ, ಬಿಡುವಷ್ಟು ಸಡಿಲ.

ಇದಕ್ಕೆ ವಜ್ರದ ಪಂಜರವೇ ಯಾಕೆ? ಅದು ಬಾಗಲ್ಲ. ಉದ್ದನೆಯ ಇಂಗಾಲದ ಸರಪಳಿಯಾದರೆ ತಾನೇ ಅಲ್ಲಾಡುತ್ತದೆ, ಕೈಯೇ ನಡುಗಿದರೆ ಹಿಡಿದದ್ದೂ ನಡುಗುತ್ತದೆ. ಪಂಜರ ಬಿಗಿ, ಬಿಸಿಗೂ ಸುಲಭಕ್ಕೆ ಜಗ್ಗಲ್ಲ, ಯಾವ ಮೂಲೆಗೆ ಯಾವ ಗುಂಪನ್ನು ಸಿಕ್ಕಿಸಬೇಕು ಅನ್ನೋದು ಔಷಧ ರಸಾಯನಶಾಸ್ತ್ರಕ್ಕೆ ದಶಕಗಳಿಂದ ಗೊತ್ತು. ಲೆಕ್ಕದ ಪ್ರಕಾರ, ಹೀಗೆ ಹಿಡಿದಾಗ ಅಕ್ಷರಗಳ ಕರೆಂಟ್ ಸಹಿಗಳು ಬೇರೆ ಬೇರೆಯಾಗುತ್ತವೆ. ಮಾಮೂಲಿ ಅಕ್ಷರ, ಕೆಟ್ಟ ಅಕ್ಷರ ಮತ್ತು ಮಿಥೈಲ್ ಗೀಟು ಬಿದ್ದ ಅಕ್ಷರ, ಈ ಮೂರನ್ನೂ ಪ್ರತ್ಯೇಕಿಸಬಹುದು ಅನ್ನೋದು ಆ ಪ್ರಬಂಧದ ಮುಖ್ಯ ಮಾತು. ‘ದ’ ಮತ್ತು ‘ಧ’ ಬೇರೆ ಅಂತ ನೇರವಾಗಿ, ಯಾವ ರಾಸಾಯನಿಕದಲ್ಲೂ ನೆನೆಸದೆ ಹೇಳುವ ಕೈ.

ಲೆಕ್ಕ ಬೇರೆ, ಯಂತ್ರ ಬೇರೆ

ಮೇಲಿನ ಪ್ಯಾರಾಗಳಲ್ಲಿ ‘ಲೆಕ್ಕ’ ಅನ್ನೋ ಪದವನ್ನು ನಾನು ಬೇಕಂತಲೇ ಮತ್ತೆ ಮತ್ತೆ ಬಳಸಿದ್ದೀನಿ. ಈ ಪ್ರಬಂಧಗಳಲ್ಲಿ ಚಿನ್ನ ಇಲ್ಲ, ಡಿಎನ್‌ಎ ಇಲ್ಲ, ಕರೆಂಟ್ ಇಲ್ಲ. ಇರುವುದು ಕಂಪ್ಯೂಟರ್ ಮತ್ತು ಕ್ವಾಂಟಂ ಸಮೀಕರಣ. ಬಳಸಿದ ವಿಧಾನದ ಹೆಸರು ಡೆನ್ಸಿಟಿ ಫಂಕ್ಷನಲ್ ಸಿದ್ಧಾಂತ. ಅದಕ್ಕಾಗಿ ವಾಲ್ಟರ್ ಕೋನ್ 1998ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು. ಗಟ್ಟಿ ವಿಧಾನವೇ. ಪ್ರಯೋಗಕ್ಕೆ ಮುಂಚೆ ಯಾವ ಅಣುವಿನ ಮೇಲೆ ದುಡ್ಡು ಹಾಕಬೇಕು ಅಂತ ನಿರ್ಧರಿಸಲು ಇಂಥ ಲೆಕ್ಕ ಬೇಕೇ ಬೇಕು. ಆದರೆ ಇಂಥ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಸುತ್ತಲಿನ ನೀರು, ಉಪ್ಪು, ಶಾಖದ ಕುಲುಕಾಟ ಎಲ್ಲವನ್ನೂ ಸೇರಿಸಲಾಗುವುದಿಲ್ಲ. ನಿಜವಾದ ಡಿಎನ್‌ಎ ಇರುವುದೇ ಅವುಗಳ ಮಧ್ಯೆ.

ಅಡಿಪಾಯ ಪೂರ್ತಿ ಗಾಳಿಯಲ್ಲೂ ಇಲ್ಲ. ಗಂಧಕದ ಕೊಂಡಿಯಿಂದ ಟೆಟ್ರಮಾಂಟೇನ್ ಪದರವನ್ನು ಲೋಹದ ಮೇಲೆ ಜೋಡಿಸಿ, ಅದರಿಂದ ಎಲೆಕ್ಟ್ರಾನ್ ಹೊಮ್ಮಿಸಿದ ಪ್ರಯೋಗ 2007ರಲ್ಲೇ ಪ್ರಕಟವಾಗಿದೆ. ಅಂದ್ರೆ ಅಂಟಿಸಲು ಬರುತ್ತದೆ. ಕಷ್ಟ ಇರುವುದು ಒಂದೆರಡು ನ್ಯಾನೋಮೀಟರ್ ಬಿರುಕನ್ನು ಮಾಡಿ, ಗಂಟೆಗಟ್ಟಲೆ ಅದೇ ಅಳತೆಯಲ್ಲಿ ಉಳಿಸಿಕೊಳ್ಳುವುದರಲ್ಲಿ. ಆಮೇಲೆ ಅದೇ ಥರದ್ದು ಇನ್ನೊಂದು ಮಾಡುವುದರಲ್ಲಿ.

ಇಷ್ಟರಲ್ಲಿ ಇನ್ನೊಂದು ದಾರಿ ಮಾರುಕಟ್ಟೆಗೇ ಬಂದುಬಿಟ್ಟಿದೆ. ಬ್ಯಾಕ್ಟೀರಿಯಾದ ಒಂದು ಪ್ರೋಟೀನ್ ರಂಧ್ರದೊಳಗಿಂದ ಡಿಎನ್‌ಎ ಎಳೆಯನ್ನು ತೂರಿಸಬಹುದು ಎಂದು 1996ರಲ್ಲಿ ತೋರಿಸಲಾಯಿತು. ಅದೇ ತತ್ವದ ಮೇಲೆ ಆಕ್ಸ್‌ಫರ್ಡ್ ನ್ಯಾನೋಪೋರ್ ಕಂಪನಿಯ ಮಿನ್‌ಅಯಾನ್ ಎಂಬ ಅಂಗೈಯಗಲದ ಯಂತ್ರ 2014ರಲ್ಲಿ ಸಂಶೋಧಕರ ಕೈ ಸೇರಿತು. ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರಾಯ್ತು. 2015ರಲ್ಲಿ ಗಿನಿ ದೇಶದಲ್ಲಿ ಎಬೋಲಾ ವೈರಸ್ ಹರಡುವ ಜಾಡು ಹಿಡಿಯಲು ಅದನ್ನೇ ಒಯ್ದಿದ್ದರು. ಅದರ ರಂಧ್ರ ಒಂದು ಸಲಕ್ಕೆ ಐದಾರು ಅಕ್ಷರಗಳನ್ನು ಒಟ್ಟಿಗೆ ಗ್ರಹಿಸುತ್ತದೆ, ಬಿಡಿಸುವ ಕೆಲಸ ಕಂಪ್ಯೂಟರ್‌ನದ್ದು. ಆದರೂ ಮಿಥೈಲ್ ಗೀಟನ್ನು ಅದು ಈಗಲೇ ನೇರವಾಗಿ ಓದುತ್ತದೆ. ಡೈಮಂಡಾಯ್ಡ್ ಯಂತ್ರ ಬರುತ್ತೋ ಇಲ್ವೋ, ಗೀಟು ಓದುವ ಕಾಲವಂತೂ ಬಂದಾಯ್ತು.

‘ಮತ್ತು ಅದರ ವಿಶ್ಲೇಷಣೆ’

ಈಗ ನಾನು ಹೇಳಿದ ಆ ಕಾನೂನಿನ ಪದಕ್ಕೆ ಬರ್ತೀನಿ.

1920ರ ಬ್ರಿಟಿಷ್ ಕಾಲದ ಕಾಯ್ದೆಯನ್ನು ತೆಗೆದು ಸಂಸತ್ತು 2022ರಲ್ಲಿ ಕ್ರಿಮಿನಲ್ ಪ್ರೊಸೀಜರ್ (ಐಡೆಂಟಿಫಿಕೇಶನ್) ಕಾಯ್ದೆ ತಂದಿತು. ಬೆರಳಚ್ಚು, ಅಂಗೈ, ಪಾದದ ಗುರುತು, ಫೋಟೊ, ಕಣ್ಣಿನ ಸ್ಕ್ಯಾನ್‌ಗಳ ಜೊತೆಗೆ ‘ದೈಹಿಕ, ಜೈವಿಕ ಮಾದರಿಗಳು ಮತ್ತು ಅವುಗಳ ವಿಶ್ಲೇಷಣೆ’ಯೂ ಅದರ ಪ್ರಕಾರ ಒಂದು ‘ಅಳತೆ’. ಶಿಕ್ಷೆಯಾದವರಷ್ಟೇ ಅಲ್ಲ, ಬಂಧನಕ್ಕೊಳಗಾದವರು, ಮುನ್ನೆಚ್ಚರಿಕೆ ಬಂಧನ ಕಾನೂನುಗಳಡಿ ಹಿಡಿದಿಟ್ಟವರು ಕೂಡ ಇದರ ವ್ಯಾಪ್ತಿಯಲ್ಲಿದ್ದಾರೆ. ದಾಖಲೆಯನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ 75 ವರ್ಷ ಇಟ್ಟುಕೊಳ್ಳಬಹುದು. ಹಿಂದೆ ಶಿಕ್ಷೆಯಾಗದ ವ್ಯಕ್ತಿ ಖುಲಾಸೆಯಾದರೆ ಅದನ್ನು ಅಳಿಸಬೇಕು, ನ್ಯಾಯಾಲಯ ಬೇಡ ಅನ್ನದಿದ್ದರೆ.

ಇಂದು ಪೊಲೀಸ್ ಪ್ರಯೋಗಾಲಯಗಳು ಮಾಡುವ ಡಿಎನ್‌ಎ ಪ್ರೊಫೈಲ್ ಅಂದ್ರೆ, ಜೀನೋಮಿನ ಕೆಲವು ಕಡೆ ಒಂದು ತುಣುಕು ಎಷ್ಟು ಸಲ ಮರುಕಳಿಸಿದೆ ಅನ್ನೋ ಎಣಿಕೆ. ಇಪ್ಪತ್ತು ಚಿಲ್ಲರೆ ಜಾಗ, ಒಂದಷ್ಟು ಸಂಖ್ಯೆ. ಆಧಾರ್ ನಂಬರಿನ ಹಾಗೆ ಗುರುತಿಸುತ್ತದೆ, ನಿಮ್ಮ ಬಗ್ಗೆ ಹೆಚ್ಚೇನೂ ಹೇಳಲ್ಲ. ಗೀಟುಗಳು ಹಾಗಲ್ಲ. 2013ರಲ್ಲಿ ಸ್ಟೀವ್ ಹಾರ್ವತ್ 353 ಜಾಗಗಳ ಮಿಥೈಲ್ ಗುರುತು ನೋಡಿ ವ್ಯಕ್ತಿಯ ವಯಸ್ಸನ್ನು ಅಂದಾಜಿಸುವ ‘ಗಡಿಯಾರ’ ಪ್ರಕಟಿಸಿದರು, ದೋಷದ ಮಧ್ಯಮ ಅಳತೆ ಸುಮಾರು 3.6 ವರ್ಷ. ಸಿಗರೇಟ್ ಸೇದುವವರ ರಕ್ತದಲ್ಲಿ ಒಂದು ನಿರ್ದಿಷ್ಟ ಜೀನ್‌ನ ಗೀಟು ಕಡಿಮೆಯಾಗುತ್ತದೆ, ಬಿಟ್ಟ ಮೇಲೂ ಅದರ ಜಾಡು ಬೇಗ ಅಳಿಯಲ್ಲ. ಅದೇ ಹನಿ ರಕ್ತ, ಅದೇ ಎಂಜಲು. ಆದರೆ ‘ವಿಶ್ಲೇಷಣೆ’ ಅನ್ನೋ ಒಂದು ಪದದೊಳಗೆ ಎಣಿಕೆಯೂ ಹಿಡಿಸುತ್ತದೆ, ವಯಸ್ಸು, ಚಟ, ಕಾಯಿಲೆಯ ಅಂದಾಜೂ ಹಿಡಿಸುತ್ತದೆ. ಕಾಯ್ದೆ ಗೆರೆ ಎಳೆದಿಲ್ಲ.

ಗೆರೆ ಎಳೆಯಬಹುದಾಗಿದ್ದ ಜಾಗ ಡಿಎನ್‌ಎ ತಂತ್ರಜ್ಞಾನ ನಿಯಂತ್ರಣ ಮಸೂದೆ. 2019ರಲ್ಲಿ ಲೋಕಸಭೆಗೆ ಬಂತು. ಜೈರಾಮ್ ರಮೇಶ್ ಅಧ್ಯಕ್ಷತೆಯ ಸ್ಥಾಯಿ ಸಮಿತಿ 2021ರ ಫೆಬ್ರವರಿಯಲ್ಲಿ ವರದಿ ಕೊಟ್ಟು, ಡಿಎನ್‌ಎಯಿಂದ ವಂಶ, ಮೈಬಣ್ಣ, ಕಾಯಿಲೆಯಂಥ ಸೂಕ್ಷ್ಮ ಮಾಹಿತಿ ಹೊರಬೀಳಬಹುದು ಎಂಬ ಆತಂಕವನ್ನು ದಾಖಲಿಸಿತು. 2023ರ ಜುಲೈನಲ್ಲಿ ಸರ್ಕಾರ ಮಸೂದೆಯನ್ನೇ ವಾಪಸ್ ಪಡೆಯಿತು. ಆ ಮಸೂದೆ ನನಗೂ ಇಷ್ಟ ಇರಲಿಲ್ಲ. ಆದರೆ ಅದರಲ್ಲಿ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಒಂದು ಮಂಡಳಿಯಾದರೂ ಇತ್ತು. ಇನ್ನು ಡೇಟಾ ಕಾನೂನು. ನ್ಯಾ. ಶ್ರೀಕೃಷ್ಣ ಸಮಿತಿಯ 2018ರ ಕರಡು ಜೆನೆಟಿಕ್ ಡೇಟಾವನ್ನು ‘ಸೂಕ್ಷ್ಮ ವೈಯಕ್ತಿಕ ಮಾಹಿತಿ’ ಎಂದು ಪ್ರತ್ಯೇಕ ಇಟ್ಟಿತ್ತು. 2023ರಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ, ಅಪರಾಧ ತನಿಖೆಗೆ ವಿನಾಯಿತಿ ಇದೆ.

ಡಿಎನ್‌ಎ ಸಂಗ್ರಹವೇ ತಪ್ಪು ಅಂತ ನಾನು ಹೇಳ್ತಿಲ್ಲ. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ ದೇಶದ ಹತ್ತು ಸಾವಿರ ಜನರ ಜೀನೋಮ್ ಓದಿದೆ, ಅದರ ಡೇಟಾ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಒಪ್ಪಿಗೆ ಕೊಟ್ಟು ರಕ್ತ ಕೊಟ್ಟವರು ಅವರು. ಠಾಣೆಯ ಬೆಂಚಿನ ಮೇಲೆ ಕೂತವರ ವಿಷಯ ಬೇರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದರು. ಸರ್ಕಾರ ಅದನ್ನು ಮೊಟಕುಗೊಳಿಸಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ತೆಗೆದುಕೊಳ್ಳಬೇಕು. ಗುರುತು ಹಿಡಿಯಲು ಇಪ್ಪತ್ತು ಚಿಲ್ಲರೆ ಸಂಖ್ಯೆ ಸಾಕಾದರೆ ಗೀಟುಗಳನ್ನು ಓದುವುದು ‘ಬೇಕಾದಷ್ಟೇ’ ಆಗುತ್ತದಾ? ಈ ಪ್ರಶ್ನೆಯನ್ನು ಯಂತ್ರ ಅಗ್ಗವಾಗುವ ಮುಂಚೆ ಕೇಳುವುದು ಸುಲಭ.

2022ರ ಕಾಯ್ದೆಯಲ್ಲಿ ಒಂದು ಕಿರುಬಾಗಿಲು ಇದೆ, ಹೆಚ್ಚು ಜನರಿಗೆ ಗೊತ್ತಿಲ್ಲ. ಮಹಿಳೆ ಅಥವಾ ಮಗುವಿನ ವಿರುದ್ಧದ ಅಪರಾಧ ಅಲ್ಲದಿದ್ದರೆ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಜೈಲು ಶಿಕ್ಷೆಯ ಅಪರಾಧವೂ ಅಲ್ಲದಿದ್ದರೆ, ಬಂಧಿತ ವ್ಯಕ್ತಿ ಜೈವಿಕ ಮಾದರಿ ಕೊಡಲೇಬೇಕು ಅಂತಿಲ್ಲ. ಕಳೆದ ವರ್ಷ ಒಂದು ಕಾಲೇಜಿನಲ್ಲಿ ಇದನ್ನು ಹೇಳಿದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರ್, ಕೊಟ್ಟವರಿಗೆ ಅದರಲ್ಲಿ ಏನೇನು ನೋಡಿದ್ರು ಅಂತ ಹೇಳ್ತಾರಾ?” ಅಂತ ಕೇಳಿದಳು. ಮನೆಗೆ ಬಂದು ಕಾಯ್ದೆಯನ್ನು ಮತ್ತೆ ಮೊದಲಿಂದ ಓದಿದೆ. ಹೇಳಬೇಕು ಅನ್ನೋ ಸಾಲು ನನಗೆ ಸಿಗಲಿಲ್ಲ.